ಹೋಗಿಬರಲು ಅಪ್ಪಣೆ

ತುಮಕೂರಿನ ಗಾರ್ಮೆಂಟ್ಸ್‌ನಲ್ಲಿ ಶೌಚಾಲಯಕ್ಕೆ ಹೋಗಬೇಕಾದರೆ ಸೂಪರ್‌ವೈಸರ್ ಮೇಡಂ ಹತ್ತಿರ ಟೋಕನ್ ಬೇಡಬೇಕಿತ್ತು.

"ಈಗ ತಾನೇ ಹೋಗಿದ್ದೆ ಅಲ್ವೇನೇ? ನೀರು ಕಮ್ಮಿ ಕುಡಿ" ಎಂದು ಎಲ್ಲರ ಮುಂದೆ ಅನ್ನುತ್ತಿದ್ದರು. ಸಂಜೆವರೆಗೂ ಬಾಟಲಿ ಮುಟ್ಟದಿರುವುದೇ ನನಗೆ ಅಭ್ಯಾಸವಾಯಿತು.

ಈಗ ಗುಬ್ಬಿಯಲ್ಲಿ ನನ್ನದೇ ಹೊಲಿಗೆ ಅಂಗಡಿಯಿದೆ. ಕಂಪನಿ ಮುಚ್ಚಿದ ಮೇಲೆ ಅದೇ ಮೇಡಂ ಕೆಲಸ ಕೇಳಿಕೊಂಡು ಬಂದರು. ಸೇರಿಸಿಕೊಂಡೆ, ಕನಿಕರದಿಂದಲ್ಲ.

ಮಧ್ಯಾಹ್ನ ಮೆಷಿನ್ ಬಿಟ್ಟೆದ್ದು ನನ್ನೆದುರು ನಿಂತರು. "ಮೇಡಂ, ಒಂದ್ನಿಮಿಷ ಹೋಗ್ಬರ್ಲಾ?"

"ಅಯ್ಯೋ, ಇಲ್ಲಿ ಯಾರೂ ಕೇಳಲ್ಲ ಕಣಕ್ಕಾ!" ಎಂದು ಪಕ್ಕದ ಮೆಷಿನ್ನಿನ ಹುಡುಗಿ ನಕ್ಕಳು.

ನಿಜ, ಯಾರೂ ಕೇಳುವುದಿಲ್ಲ. ಆದರೆ ಅವರೊಬ್ಬರಿಗೆ ಮಾತ್ರ ನಾನು ಆ ಮಾತು ಹೇಳಿರಲಿಲ್ಲ. ಕೈಲಿದ್ದ ಗುಂಡಿ ಕಾಜಾ ಹೊಲಿದು ಮುಗಿಯುವವರೆಗೆ ಅವರನ್ನು ನಿಲ್ಲಿಸಿಯೇ ಇಟ್ಟೆ. ಆಮೇಲೆ ತಲೆಯೆತ್ತಿದೆ.

"ಹೋಗ್ಬನ್ನಿ. ನೀರು ಕಮ್ಮಿ ಕುಡೀರಿ."