‘ಕ್ಷಿ’ಗೆ ಪ್ರಾಸ ಬೇಕಾಗಿದೆ

ನನ್ನ ಗಂಡನ ಬಾಯಲ್ಲಿ ನೂರಾರು ಹೆಣ್ಣುಮಕ್ಕಳ ಹೆಸರು ಬರುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗಾಬರಿಯಾಗಬೇಡಿ, ಅವರ ಉದ್ಯೋಗವೇ ಅದು. ಹೊನ್ನಾಳಿಯಲ್ಲಿ ನಮ್ಮದು ಮದುವೆ ಪತ್ರಿಕೆ ಅಚ್ಚು ಹಾಕುವ ಅಂಗಡಿ. ಅಚ್ಚಿಗೆ ಹೋಗುವ ಮೊದಲು ಅವರು ಕಂಪ್ಯೂಟರ್ ನೋಡಿಕೊಂಡು ಗಟ್ಟಿಯಾಗಿ ಓದುತ್ತಾರೆ, ನಾನು ಗಿರಾಕಿ ಬರೆದುಕೊಟ್ಟ ಚೀಟಿ ಹಿಡಿದುಕೊಂಡು ತಪ್ಪು ಹುಡುಕುತ್ತೇನೆ. ಮೇಲಿನ ‘॥ ಶ್ರೀ ॥’ಯಿಂದ ಕೆಳಗಿನ ‘ತಮ್ಮ ಸುಖಾಗಮನ ಬಯಸುವ’ವರೆಗೆ ಒಂದಕ್ಷರ ಬಿಡದೆ ಓದುವುದು ಅವರ ಪದ್ಧತಿ. ಮದುವಣಗಿತ್ತಿಯ ಹೆಸರಿನ ಹಿಂದೆ ಹಾಕುವ ‘ಚಿ. ಕುಂ. ಸೌ.’ ಅನ್ನೂ ಬಿಡುವುದಿಲ್ಲ. “ಚಿ ಕುಂ ಸೌ” ಎಂದು ಒಂದೇ ಉಸಿರಿಗೆ ಹೇಳಿ ಆಮೇಲೆ ಹುಡುಗಿಯ ಹೆಸರಿಗೆ ಬರುತ್ತಾರೆ.

ಈ ಇಪ್ಪತ್ತಾರು ವರ್ಷಗಳಲ್ಲಿ ಅವರ ಬಾಯಿಗೆ ಬರದೆ ಉಳಿದ ಹೆಸರೆಂದರೆ ನನ್ನದೊಂದೇ. ನಾನು “ಏ” ಆಗಿದ್ದೇನೆ, “ನೋಡಿಲ್ಲಿ” ಆಗಿದ್ದೇನೆ, ಮಗಳು ಹುಟ್ಟಿದ ಮೇಲೆ “ನಿಮ್ಮವ್ವ” ಆಗಿದ್ದೇನೆ. ಒಮ್ಮೆ ನನ್ನದೇ ಹೆಸರಿನ ಹುಡುಗಿಯೊಬ್ಬಳ ಪತ್ರಿಕೆ ಬಂತು. ಈಗ ಸಿಕ್ಕಿಬಿದ್ದರು ಎಂದು ನಾನು ಚೀಟಿ ಹಿಡಿದು ನೆಟ್ಟಗೆ ಕುಳಿತೆ. “ಚಿ ಕುಂ ಸೌ” ಎಂದರು. ಕೆಮ್ಮಿದರು. “ಇದೊಂದು ನೀನೇ ನೋಡ್ಕ, ನಂಗೆ ಕಣ್ಣು ಮಂಜಾಗೇತಿ” ಎಂದು ಎದ್ದು ಚಹಾ ಕುಡಿಯಲು ಹೋದರು. ನಗು ಬಂತು. ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ಹೊಸ ಗಂಡ ಹೆಂಡತಿ ಮನೆಯೊಳಗೆ ಕಾಲಿಡುವಾಗ ಗಂಡಿನ ಅಕ್ಕ ತಂಗಿಯರು ಹೊಸಿಲಿಗೆ ಅಡ್ಡ ನಿಲ್ಲುತ್ತಾರೆ. ಒಬ್ಬರ ಹೆಸರನ್ನು ಇನ್ನೊಬ್ಬರು ಪ್ರಾಸ ಕಟ್ಟಿ ಹೇಳಬೇಕು, ಹೇಳಿದರೆ ಮಾತ್ರ ದಾರಿ. ನಮ್ಮ ಮನೆಯಲ್ಲಿ ಇದಕ್ಕೆ ಒಗಟು ಹೇಳುವುದು ಎನ್ನುತ್ತೇವೆ, ಒಡಪು ಎನ್ನುವವರೂ ಇದ್ದಾರೆ. ನಮ್ಮ ಮದುವೆಯ ದಿನ ನನ್ನ ನಾದಿನಿ ಎರಡೂ ಕೈ ಚಾಚಿ ಬಾಗಿಲು ಹಿಡಿದಳು. ಮದುಮಗ ಆಚೆ ಈಚೆ ನೋಡಿದರು, ಬೆವರಿದರು, ಕೊನೆಗೆ ತಂಗಿಯ ತೋಳಿನ ಕೆಳಗೆ ನುಸುಳಿ ಒಳಗೆ ಓಡಿದರು. ಆ ಗಲಾಟೆಯಲ್ಲಿ ನನ್ನನ್ನು ಯಾರೂ ಕೇಳಲೇ ಇಲ್ಲ. ನಾನು ಅಕ್ಕಿಯ ಸೇರನ್ನು ಒದ್ದು ಒಳಗೆ ಹೋಗುವ ಹೊತ್ತಿಗೆ ಇವರು ಹಿತ್ತಿಲಲ್ಲಿ ನೀರು ಕುಡಿಯುತ್ತಿದ್ದರು.

ಒಗಟಿನ ಪುಸ್ತಕ ಮಾಡುವ ಯೋಚನೆ ಬಂದದ್ದು ಅಂಗಡಿಯಲ್ಲಿ ಕೆಲಸ ಕಡಿಮೆಯಾದಾಗ. ಈಗ ಜನ ಮೊಬೈಲಿನಲ್ಲೇ ಕರೆಯುತ್ತಾರೆ, ಪತ್ರಿಕೆ ಹಾಕಿಸಿದರೂ ದೇವರ ಮುಂದಿಡಲಿಕ್ಕಷ್ಟೇ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪುಸ್ತಕ, ಅದರ ತುಂಬ ಒಗಟು, ಹೆಸರಿನ ಜಾಗದಲ್ಲಿ ಸಾಲಾಗಿ ಚುಕ್ಕಿ. ಚುಕ್ಕಿಯ ಮೇಲೆ ಅವರವರ ಗಂಡನನ್ನೋ ಹೆಂಡತಿಯನ್ನೋ ಕೂರಿಸಿಕೊಂಡರಾಯಿತು. ದಾವಣಗೆರೆಯಲ್ಲಿ ಬಿ.ಕಾಂ. ಓದುವ ಮಗಳಿಗೆ ಹೇಳಿದೆ. ಅವಳು ನನಗೇ ಪಾಠ ಶುರು ಮಾಡಿದಳು.

“ಅವ್ವಾ, ಯಾರಿಗೆ ಬೇಕು, ಎಂಥದ್ದು ಬೇಕು ಅಂತ ಮೊದ್ಲು ತಿಳ್ಕಬೇಕು. ಮಾರ್ಕೆಟ್ ರಿಸರ್ಚ್ ಅಂತಾರೆ ಅದಕ್ಕೆ. ದೊಡ್ಡ ಕಂಪನಿಯೋರು ಅದಕ್ಕೇ ಜನ ಇಟ್ಕಂಡಿರ್ತಾರೆ.”

“ನಮ್ಮತ್ರ ಯಾರಿದಾರೆ? ನಿಮ್ಮಪ್ಪ ಒಬ್ರು.”

“ಫೇಸ್‌ಬುಕ್ ಗುಂಪು ಐತಲ್ಲ. ಪುಕ್ಕಟೆ. ಸುಮ್ನೆ ಸೇರ್ಕಂಡು ಜನ ಏನು ಮಾತಾಡ್ತಾರೆ ಕೇಳು. ನೀನು ಮಾತಾಡಬ್ಯಾಡ, ಕೇಳಾದು ಅಷ್ಟೇ.”

ಬೇರೆಯವರ ಮಾತನ್ನು ಸುಮ್ಮನೆ ಕೇಳಿಸಿಕೊಳ್ಳುವುದಕ್ಕೆ ಇಷ್ಟು ದೊಡ್ಡ ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಓಣಿಯ ನಲ್ಲಿಯ ಹತ್ತಿರ ನಾವೆಲ್ಲ ಎಷ್ಟೋ ವರ್ಷದಿಂದ ಅದನ್ನೇ ಮಾಡುತ್ತಿದ್ದೆವು. ಮಗಳು ನನಗೆ ‘ಒಗಟಿನ ಮನೆ’ ಎಂಬ ಹೆಸರಿನಲ್ಲಿ ಖಾತೆ ಮಾಡಿಕೊಟ್ಟಳು. ಫೋಟೋದ ಜಾಗಕ್ಕೆ ಒಂದು ಹೊಸಿಲಿನ ರಂಗೋಲಿ ಹಾಕಿದೆ.

ಮೊದಲು ಸೇರಿದ್ದು ಹೆಂಗಸರ ಅಡುಗೆ ಗುಂಪಿಗೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕಿನವರು ಅಲ್ಲಿದ್ದರು. ಕೇಳುವುದು ಅಷ್ಟೇ ಎಂದು ಮಗಳು ಹೇಳಿದ್ದು ನೆನಪಿತ್ತು. ಎರಡು ದಿನ ತಡೆದುಕೊಂಡೆ, ಮೂರನೆಯ ದಿನ ಕೈ ತಡೆಯಲಿಲ್ಲ. “ಅಕ್ಕ ತಂಗಿಯರೇ, ನಿಮಗೆ ಎಂಥ ಒಗಟು ಇಷ್ಟ?” ಎಂದು ಹಾಕಿಬಿಟ್ಟೆ.

ಸಂಜೆಗೆ ನೋಡಿದರೆ ಉತ್ತರಗಳ ಜಾತ್ರೆ. “ಕೈಯಿಲ್ಲ ಕಾಲಿಲ್ಲ, ಮನೆ ಮಂದೀನೆಲ್ಲ ಗೋಡೆ ಮೂಲೆಗೆ ಕೂರಿಸ್ತೈತೆ, ಏನು ಹೇಳ್ರಿ?” ಎಂದು ಜಗಳೂರಿನ ಒಬ್ಬರು ಕೇಳಿದ್ದರು. ಅದರ ಕೆಳಗೆ ನಲವತ್ತು ಜನ ತಲೆ ಕೆಡಿಸಿಕೊಂಡು, ಕೊನೆಗೆ ನ್ಯಾಮತಿಯ ಒಬ್ಬರು ಮೊಬೈಲ್ ಚಾರ್ಜರ್ ಎಂದು ಗೆದ್ದಿದ್ದರು. ಆಮೇಲೆ ಗೆದ್ದವರಿಗೆ ಬಹುಮಾನ ಯಾವಾಗ ಕೊಡುತ್ತೀರಿ ಎಂದು ನನ್ನನ್ನೇ ವಿಚಾರಿಸತೊಡಗಿದರು. ನಾನು ಕೇಳಿದ್ದು ಹೆಸರು ಹೇಳುವ ಒಗಟು, ಅವರು ತಿಳಿದದ್ದು ಬಿಡಿಸುವ ಒಗಟು. ‘ಗಂಡನ ಹೆಸರು ಹೇಳೋ ಒಗಟು’ ಎಂದು ತಿದ್ದಿ ಬರೆದೆ. ಆಗ ಸೂಳೆಕೆರೆಯ ಹತ್ತಿರದ ಊರಿನವರೊಬ್ಬರು, “ನಮ್ಮನೆಯೋರ ಹೆಸರು ಬಿಡಿಸಾಕೆ ಏನೈತ್ರಿ, ಓಣಿಗೆಲ್ಲ ಗೊತ್ತೈತೆ. ಅವರು ಬೆಳಿಗ್ಗೆ ಮೀನು ತರಾಕೆ ಹೋದೋರು ಮಧ್ಯಾಹ್ನ ಆದ್ರೂ ಎಲ್ಲಿ ಕುಂತಿರ್ತಾರೆ ಅನ್ನಾದೇ ದೊಡ್ಡ ಒಗಟು” ಎಂದರು. ಅದಕ್ಕೆ ಬಿದ್ದಷ್ಟು ನಗು ನನ್ನ ಪ್ರಶ್ನೆಗೆ ಬೀಳಲಿಲ್ಲ.

ಹೀಗಿದ್ದರೂ ಒಂದು ವಿಷಯ ಗೊತ್ತಾಯಿತು. ಹೆಂಗಸರಿಗೆ ನನ್ನ ಪುಸ್ತಕ ಬೇಕಿರಲಿಲ್ಲ. ಕೇಳಿದ ಕೂಡಲೇ ಒಬ್ಬೊಬ್ಬರು ನಾಲ್ಕು ನಾಲ್ಕು ಒಗಟು ಕಟ್ಟಿ ಹಾಕುತ್ತಿದ್ದರು. ಗಂಡನನ್ನು ಹೊಗಳುವುದಕ್ಕೂ ಬರುತ್ತಿತ್ತು, ಹೊಗಳಿದ ಹಾಗೆ ಮಾಡಿ ಜಾಡಿಸುವುದಕ್ಕೂ ಬರುತ್ತಿತ್ತು. ಅವರಿಗೆ ಪುಸ್ತಕ ಮಾರಲು ಹೋಗುವುದು ಸೂಳೆಕೆರೆಗೆ ಕೊಡದಲ್ಲಿ ನೀರು ಹೊತ್ತ ಹಾಗೆ. ಹಾಗಾದರೆ ಯಾರಿಗೆ ಬೇಕು?

ಉತ್ತರ ಸಿಕ್ಕಿದ್ದು ನಾನು ಹುಡುಕದ ಜಾಗದಲ್ಲಿ. ನಮಗೆ ಊರ ಹೊರಗೆ ಎರಡು ಎಕರೆ ಅಡಿಕೆ ಇದೆ. ರೇಟು ನೋಡಲಿಕ್ಕೆಂದು ಅಡಿಕೆ ಬೆಳೆಗಾರರ ಗುಂಪಿಗೂ ‘ಒಗಟಿನ ಮನೆ’ಯಿಂದಲೇ ಸೇರಿಕೊಂಡಿದ್ದೆ. ಅಲ್ಲಿ ಬರೀ ಗಂಡಸರು. ರಾಶಿ ಅಡಿಕೆಯ ರೇಟು ಎಷ್ಟಾಯಿತು, ಕೊಳೆ ರೋಗಕ್ಕೆ ಏನು ಹೊಡೆಯಬೇಕು, ಮೋಟರು ಯಾಕೆ ಸುಟ್ಟಿತು, ಇವೇ ಮಾತು. ಒಂದು ದಿನ ಇವುಗಳ ನಡುವೆ ಚನ್ನಗಿರಿ ಕಡೆಯವನೊಬ್ಬ, “ಅಣ್ಣಾರೇ, ಸೋಮವಾರ ನನ್ ಮದುವಿ. ಹೆಂಡ್ತಿ ಹೆಸರು ಹೇಳಾಕೆ ಒಂದು ಒಗಟು ಇದ್ರೆ ಕಳಿಸ್ರಿ, ಮಾನ ಉಳಸ್ರಿ” ಎಂದು ಬರೆದಿದ್ದ. ಔಷಧಿ ಹೊಡೆಯುವ ಮಾತೆಲ್ಲ ಅಲ್ಲಿಗೇ ನಿಂತಿತು. ಎಲ್ಲ ಗಂಡಸರೂ ತಮ್ಮ ತಮ್ಮ ಹೊಸಿಲಿನ ಕಷ್ಟ ತೋಡಿಕೊಂಡರು. ಜಗಳೂರು ಕಡೆಯ ಸೊಕ್ಕೆ ಊರಿನ ಒಬ್ಬರು, ಅಡಿಕೆ ಇಲ್ಲದಿದ್ದರೂ ಮುಂದೆ ಹಾಕುವ ಆಸೆಯಿಂದ ಗುಂಪಿಗೆ ಸೇರಿದವರಂತೆ, ತಾವು ಮದುವೆಯ ದಿನ ಹೆಂಡತಿಯ ಹೆಸರಿನ ಬದಲು ಗಾಬರಿಯಲ್ಲಿ ಅತ್ತೆಯ ಹೆಸರು ಹೇಳಿದ್ದಾಗಿ ಒಪ್ಪಿಕೊಂಡರು. “ಇವತ್ತಿಗೂ ನಮ್ಮತ್ತೆ ನಂಗೆ ಎದ್ರಿಗೆ ಬರಂಗಿಲ್ಲ” ಎಂದಿದ್ದರು.

ನನ್ನ ಓದುಗ ಯಾರು ಎಂದು ಆಗ ತಿಳಿಯಿತು. ಮೀಸೆ ಇರುವವನು, ಬೆವರುವವನು. ನಾನು ಬರೆದಿಟ್ಟ ಒಗಟುಗಳನ್ನೆಲ್ಲ ತಿರುಗಿಸಿ, ಗಂಡನ ಜಾಗದ ಚುಕ್ಕಿಗಳನ್ನು ಹೆಂಡತಿಯ ಜಾಗಕ್ಕೆ ತಂದೆ. ಇವರು ಅದನ್ನು ಕಂಪ್ಯೂಟರಿನಲ್ಲಿ ಕೂರಿಸಿಕೊಟ್ಟರು. ಗಟ್ಟಿಯಾಗಿ ಓದಿಯೂ ಓದಿದರು. ಚುಕ್ಕಿ ಬಂದಲ್ಲೆಲ್ಲ ನಿಲ್ಲಿಸಿ, ಒಂದು ಕ್ಷಣ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಿದ್ದರು. ಚುಕ್ಕಿಯ ಮೇಲೆ ನನ್ನನ್ನು ಕೂರಿಸಬಾರದೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಅದಾಗಿ ಒಂದು ವಾರ. ಮಧ್ಯಾಹ್ನ ಅವರು ಕಂಪ್ಯೂಟರಿನ ಮುಂದೆ, ನಾನು ಒಳಗೆ ಊಟ ಮುಗಿಸಿ ಗುಂಪು ನೋಡುತ್ತ ಕುಳಿತಿದ್ದೆ. ಅಡಿಕೆ ಗುಂಪಿನಲ್ಲಿ ಹೆಸರು ತೋರಿಸದೆ ಯಾರೋ ಬರೆದಿದ್ದರು. ಹೀಗೆ ಬರೆಯಲು ಆ ಗುಂಪಿನಲ್ಲಿ ಅವಕಾಶವಿದೆ, ಮೇಲೆ ಅನಾಮಿಕ ಸದಸ್ಯ ಎಂದಷ್ಟೇ ಬರುತ್ತದೆ.

“॥ ಶ್ರೀ ॥ ಮಾನ್ಯರೇ, ಹೆಂಡತಿಯ ಹೆಸರು ಮೂರಕ್ಷರ. ಕೊನೆಗೆ ‘ಕ್ಷಿ’ ಬರುತ್ತದೆ. ಪ್ರಾಸ ಬೇಕಾಗಿದೆ. ಮದುವೆಯಾಗಿ ತಡವಾಗಿದೆ, ನಗದಿರಬೇಕಾಗಿ ವಿನಂತಿ. ತಮ್ಮ ಸುಖಾಗಮನ ಬಯಸುವ.”

ನಾನು ನಗಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡೆ, ಅಷ್ಟೇ. ಅಡಿಕೆ ಗುಂಪಿನಲ್ಲಿ ‘ಶ್ರೀ’ ಹಾಕಿ ಶುರು ಮಾಡಿ ಸುಖಾಗಮನ ಬಯಸಿ ಮುಗಿಸುವ ಪ್ರಾಣಿ ನಾಲ್ಕು ತಾಲ್ಲೂಕಿನಲ್ಲಿ ಒಂದೇ ಇರುವುದು. ದಿನಸಿ ಚೀಟಿಗೂ ಅವರು ಶ್ರೀ ಹಾಕುತ್ತಾರೆ. ಹೆಸರು ಮುಚ್ಚಿಟ್ಟು ಉದ್ಯೋಗ ಮುಚ್ಚುವುದನ್ನು ಮರೆತಿದ್ದರು.

ಕೆಳಗೆ ಉತ್ತರ ಬರುತ್ತಲೇ ಇತ್ತು. “ಸುಖಾಗಮನ ಅಂದ್ರೆ, ಊಟ ಐತೇನ್ರಿ?” ಎಂದು ಒಬ್ಬ. “ಪಕ್ಷಿ” ಎಂದು ಸೊಕ್ಕೆಯವರು. “ಪಕ್ಷಿ ಬಿಟ್ರೆ ಸಾಕ್ಷಿ. ಅದಕ್ಕಿಂತ ಹೆಚ್ಚು ಕ್ಷಿ ಕನ್ನಡದಾಗೆ ನಂಗೆ ಸಿಕ್ಕಿಲ್ಲ” ಎಂದು ಇನ್ನೊಬ್ಬ. ನನ್ನ ಹತ್ತಿರ ಆ ಪ್ರಾಸದ ಒಗಟು ಮೂರು ಇದ್ದವು, ಮೂರನ್ನೂ ಎಂದೋ ನನಗೋಸ್ಕರವೇ ಕಟ್ಟಿಕೊಂಡಿದ್ದೆ. ಹಾಕಿಬಿಡಲೇ ಎಂದು ಬೆರಳು ಮುಂದೆ ಹೋಯಿತು. ನೀನು ಮಾತಾಡಬ್ಯಾಡ, ಕೇಳಾದು ಅಷ್ಟೇ ಎಂದು ಮಗಳು ಹೇಳಿದ್ದು ನೆನಪಾಯಿತು. ಒಂದು ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾದೆ. ಹೊರಗೆ ಅಂಗಡಿಯಲ್ಲಿ ಅವರು “ಪಕ್ಷಿ... ಪಕ್ಷಿ” ಎಂದು ಗೊಣಗುವುದು ಕೇಳಿಸುತ್ತಿತ್ತು.

ಆ ತಿಂಗಳಲ್ಲೇ ನ್ಯಾಮತಿಯಲ್ಲಿ ನಾದಿನಿಯ ಮಗನ ಮದುವೆ. ಹೊಸ ಸೊಸೆ ಮನೆ ತುಂಬುವ ಹೊತ್ತಿಗೆ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ಮದುಮಕ್ಕಳು ಮೊಬೈಲ್ ನೋಡಿಕೊಂಡು ಚಂದವಾಗಿ ಹೇಳಿ ಒಳಗೆ ಹೋದರು. ಹಿಂದಿನಿಂದ ಇವರೂ ನಾನೂ ಹೊಸಿಲ ಹತ್ತಿರ ಬಂದೆವು ನೋಡಿ, ನಾದಿನಿ ಮತ್ತೆ ಕೈ ಚಾಚಿದಳು. ಈಗ ಅವಳೂ ದಪ್ಪಗಾಗಿದ್ದಾಳೆ, ತೋಳಿನ ಕೆಳಗೆ ನುಸುಳಲು ಜಾಗವಿರಲಿಲ್ಲ.

“ಅಣ್ಣಾ, ಅವತ್ತಿಂದು ಬಾಕಿ ಐತೆ. ಅತ್ತಿಗೆ ಹೆಸರು ಹೇಳಿ ಒಳಗೆ ಬಾ.”

ಎಲ್ಲರೂ ನಕ್ಕರು. ಇವರು ಮತ್ತೆ ಓಡುತ್ತಾರೆ ಎಂದುಕೊಂಡೆ. ಅವರು ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು, ಚೀಟಿ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡರು. ಪತ್ರಿಕೆ ಓದುವ ಅದೇ ಗಟ್ಟಿ ದನಿಯಲ್ಲಿ ಹೇಳಿದರು.

“ಹೊನ್ನಾಳಿ ಹೊಳೆ ಮ್ಯಾಲೆ ಹಾರ್ತಾವೆ ಪಕ್ಷಿ,
ತಡ ಆತು ಅನ್ನಾಕೆ ಈ ಹೊಸಿಲೇ ಸಾಕ್ಷಿ,
ನನ್ ಹೆಂಡ್ತಿ ಹೆಸರು ಚಿ ಕುಂ ಸೌ...”

ಆಮೇಲೆ ನನ್ನ ಹೆಸರು. ಪೂರ್ತಿ, ಮೂರಕ್ಷರವೂ.

ಬಾಗಿಲು ಹಾರಿಹೋಗುವ ಹಾಗೆ ಹೆಂಗಸರು ನಕ್ಕರು. “ಅಯ್ಯೋ ಅಣ್ಣಾ, ಐವತ್ತಾದ ಹೆಂಡ್ತೀನ ಮದುವಣಗಿತ್ತಿ ಮಾಡಿದ್ಯಲ್ಲೋ! ಪತ್ರಿಕೆ ಯಾವಾಗ ಹಂಚ್ತೀಯ?” ಎಂದಳು ನಾದಿನಿ. ಬಾಯಿಗೆ ಅಭ್ಯಾಸವಾದದ್ದು, ಚಿ ಕುಂ ಸೌ ಇಲ್ಲದೆ ಹೆಣ್ಣಿನ ಹೆಸರು ಆ ನಾಲಿಗೆಯ ಮೇಲೆ ಹೊರಳುವುದಿಲ್ಲ. ಅವರ ಕಿವಿ ಕೆಂಪಾಗಿತ್ತು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ನಾಚಿಕೆ.

“ಈಗ ನಿಮ್ ಪಾಳಿ ಅತ್ತಿಗೆ. ಪುಸ್ತಕ ಬರೆದೋರು, ಹೇಳ್ರಿ.”

ನಾನು ಬಾಯಿ ತೆರೆದೆ. ಪುಸ್ತಕದ ಒಗಟೆಲ್ಲ ಎಲ್ಲಿ ಹೋದವೋ. ಪ್ರಾಸ ಬೇಡ, ಬರೀ ಹೆಸರಾದರೂ ಹೇಳೋಣವೆಂದರೆ ಅದೂ ಬರಲಿಲ್ಲ. ‘ರೀ’ ಎಂದು ಕರೆದಿದ್ದೇನೆ, ‘ಇವರು’ ಎಂದಿದ್ದೇನೆ, ಮಗಳ ಮುಂದೆ ‘ನಿಮ್ಮಪ್ಪ’ ಎಂದಿದ್ದೇನೆ. ನಾಲ್ಕು ತಾಲ್ಲೂಕಿನವರನ್ನೆಲ್ಲ ನಿಮಗೇನು ಬೇಕು ಎಂದು ಕೇಳಿಕೊಂಡು ಬಂದವಳು, ಪಕ್ಕದಲ್ಲಿ ಕುಳಿತು ಪತ್ರಿಕೆ ಓದುವ ಮನುಷ್ಯನನ್ನು ಕೇಳಿರಲಿಲ್ಲ. ಅವರೂ ಇಪ್ಪತ್ತಾರು ವರ್ಷ ಕಾದಿರಬಹುದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ನಾನು ನಾದಿನಿಯ ತೋಳನ್ನು ತಳ್ಳಿಕೊಂಡು ಒಳಗೆ ಓಡಿದೆ.

ಊಟ ಮುಗಿಸಿ ಹೊನ್ನಾಳಿ ಬಸ್ಸಿಗೆಂದು ಹೊರಟೆವು. ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಅವರು ಸೀಟು ಹಿಡಿಯಲು ಚೀಲ ಹೊತ್ತು ಮುಂದೆ ಮುಂದೆ ಹೋಗುತ್ತಿದ್ದರು. ಸುತ್ತ ಜನ. ಈಗ ಅಥವಾ ಇನ್ನೆಂದೂ ಇಲ್ಲ ಎನ್ನಿಸಿತು. ಪ್ರಾಸವಿಲ್ಲದೆ, ಒಗಟಿಲ್ಲದೆ, ಅವರ ಹೆಸರನ್ನು ಗಟ್ಟಿಯಾಗಿ ಕೂಗಿದೆ.

ನಮ್ಮ ಕಡೆ ಓಣಿಗೊಬ್ಬರಿಗೆ ಇರುವ ಹೆಸರು ಅದು. ಒಬ್ಬ ಕಂಡಕ್ಟರ್ ತಿರುಗಿ ನೋಡಿದ, ಸೌತೆಕಾಯಿ ಮಾರುವವನು ನೋಡಿದ, ಬೆಂಚಿನ ಮೇಲಿದ್ದ ಯಜಮಾನರು “ಏನವ್ವಾ?” ಎಂದರು. ಇವರೊಬ್ಬರೇ ತಿರುಗಲಿಲ್ಲ. ಆ ಹೆಸರು ನನ್ನ ದನಿಯಲ್ಲಿ ಬರಬಹುದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಓಡಿ ಹೋಗಿ ಅಂಗಿಯ ತೋಳು ಹಿಡಿದೆ. ಇನ್ನೊಂದು ಸಲ ಹೇಳಿದೆ, ಮೆಲ್ಲಗೆ. ಅವರು ಚೀಲ ಕೆಳಗಿಟ್ಟರು.