ಸಂಪಗಾಂವದ ನಾಲಬಂದ, ಸಾಲಹಳ್ಳಿಯ ಜಾಕಿ

ಮುಸ್ತಕೀಮ ನಾಲಬಂದನಿಗೆ ಮನುಷ್ಯರ ಮುಖಕ್ಕಿಂತ ದನಗಳ ಕಾಲು ಹೆಚ್ಚು ನೆನಪಿರುತ್ತಿದ್ದವು. ಬೈಲಹೊಂಗಲ ತಾಲೂಕಿನ ಸಂಪಗಾಂವದಲ್ಲಿ ಅವನ ಅಜ್ಜ, ಅಪ್ಪ ಇಬ್ಬರೂ ಎತ್ತುಗಳಿಗೆ ನಾಲು, ಅಂದರೆ ಲಾಳ, ಬಡಿದೇ ಬದುಕಿದವರು. ರಸ್ತೆಯ ಧೂಳಿನಲ್ಲಿ ಮೂಡಿದ ಹೆಜ್ಜೆ ನೋಡಿ, "ಇದು ಕಾಡಪ್ಪನ ಬಲಗಡೆ ಎತ್ತು, ಮುಂಗಾಲಾಗ ಮುಳ್ಳು ಐತಿ" ಎಂದು ಹೇಳಿಬಿಡುವನು. ಹೇಳಿದ್ದು ಸುಳ್ಳಾಗುತ್ತಿದ್ದುದು ಅಪರೂಪ. ಆದರೆ ತೊಂಬತ್ತರ ನಂತರ ಊರಿಗೆ ಒಂದೊಂದಾಗಿ ಟ್ರ್ಯಾಕ್ಟರುಗಳು ಬಂದವು. ಬೇವಿನ ಗಿಡದ ಕೆಳಗೆ ಹಗ್ಗ, ಸುತ್ತಿಗೆ ಇಟ್ಟುಕೊಂಡು ಇಡೀ ದಿನ ಕುಳಿತರೂ ಒಂದು ಜೋಡಿ ಎತ್ತು ಬಾರದ ದಿನಗಳು ಹೆಚ್ಚಾದವು. ಪುಣೆಯ ರೇಸ್ ಕುದುರೆಗಳ ಲಾಯದಲ್ಲಿ ನಾಲು ಕಟ್ಟುತ್ತಿದ್ದ ಸೋದರಮಾವನ ಮಗ ಕರೆದಾಗ, 1993ರಲ್ಲಿ ಹೆಂಡತಿ ಕೌಸರಳನ್ನು ಕರೆದುಕೊಂಡು ಮುಸ್ತಕೀಮ ಪುಣೆಗೆ ಹೋದ.

ರೇಸಿನ ಕುದುರೆಯ ಗೊರಸು ಎತ್ತಿನ ಗೊರಸಿನಂತಲ್ಲ. ಅದರ ಗೋಡೆ ತೆಂಗಿನ ಚಿಪ್ಪಿನಷ್ಟು ತೆಳ್ಳಗೆ. ಮೊಳೆ ಒಂದು ನೂಲಿನಷ್ಟು ಒಳಗೆ ಸರಿದರೂ ಜೀವದ ಮಾಂಸಕ್ಕೆ ತಾಗಿ ಕುದುರೆ ಕುಂಟುತ್ತದೆ. ದಿನನಿತ್ಯದ ಓಟಕ್ಕೆ ಕಬ್ಬಿಣದ ನಾಲು, ಪಂದ್ಯಕ್ಕೆ ಮುಂಚೆ ಅದನ್ನು ಕಿತ್ತು ಹಗುರವಾದ ಅಲ್ಯುಮಿನಿಯಂ ನಾಲು. ಇದನ್ನು ಕಲಿಯಲು ಅವನಿಗೆ ಎರಡು ವರ್ಷ ಹಿಡಿಯಿತು. ಕಲಿತ ಮೇಲೆ ಆರು ವರ್ಷದಲ್ಲಿ ಅವನ ಕೈಯಿಂದ ಒಂದೇ ಒಂದು ಮೊಳೆ ತಪ್ಪಲಿಲ್ಲ.

ಲಕ್ಷ್ಮಣನ ಪರಿಚಯವಾದದ್ದು ಕಿವಿಯಿಂದ. ಒಂದು ಬೆಳಿಗ್ಗೆ ಮರಾಠಿ, ಹಿಂದಿಯ ಗದ್ದಲದ ನಡುವೆ, "ಸುಮ್ಮ ನಿಂದರವಾ ತಾಯಿ, ನಿಮ್ಮಪ್ಪನ ಮನಿಗೇನ್ ಓಡಿ ಹೊಂಟಿಲ್ಲ" ಎಂದು ಯಾರೋ ಕುದುರೆಗೆ ಹೇಳುತ್ತಿದ್ದುದು ಕೇಳಿಸಿತು. ಮುಸ್ತಕೀಮ ಹಿಡಿದ ಗೊರಸನ್ನು ಬಿಟ್ಟು ಎದ್ದು ನೋಡಿದ. ರಾಮದುರ್ಗದ ಹತ್ತಿರದ ಸಾಲಹಳ್ಳಿಯವನಂತೆ. ಕುರಿ ಕಾಯುವ ಮನೆತನ. ಆಳು ಗಿಡ್ಡ, ಮೈಯಲ್ಲಿ ಮಾಂಸವೇ ಇಲ್ಲ, ಮಣಿಕಟ್ಟು ಮಾತ್ರ ಕಬ್ಬಿಣ. ಲಾಯ ಗುಡಿಸಲು ಬಂದವನು ಬೆಳಗಿನ ಓಟಕ್ಕೆ ಕುದುರೆ ಹತ್ತಿದ, 1997ರಲ್ಲಿ ಜಾಕಿಯ ಪರವಾನಗಿಯನ್ನೂ ಪಡೆದ. ಮತ್ತೆರಡು ವರ್ಷಕ್ಕೆ ಪುಣೆಯ ಗ್ಯಾಲರಿಯ ಜನ ಅವನನ್ನು ಪ್ರೀತಿಯಿಂದ "ಲಕ್ಷ್ಯಾ, ಲಕ್ಷ್ಯಾ" ಎಂದು ಕೂಗುವಂತಾಯಿತು.

ಅವನು ಚಾಟಿ ಎತ್ತುವುದೇ ಕಡಿಮೆ. ಕೊನೆಯ ಇನ್ನೂರು ಮೀಟರ್ ತನಕ ಕುದುರೆಯ ಮೇಲೆ ಅಲ್ಲಾಡದೆ ಕೂತಿರುತ್ತಿದ್ದ. ಆಮೇಲೆ ಅದರ ಕಿವಿಗೆ ಬಾಗಿ ಏನೋ ಅನ್ನುವನು, ಕುದುರೆ ಬಿಟ್ಟ ಬಾಣವಾಗುವುದು. ಏನು ಹೇಳುತ್ತೀಯೆಂದು ಕೇಳಿದವರಿಗೆಲ್ಲ ನಕ್ಕುಬಿಡುತ್ತಿದ್ದ. ಮುಸ್ತಕೀಮನಿಗೆ ಮಾತ್ರ ಹೇಳಿದ್ದ: "ಏನಿಲ್ಲಣ್ಣಾ, ಕುರಿ ಹೊಡಕೊಂಡು ಹೋಗುವಾಗ ನಮ್ಮವ್ವ ಅಂತಿದ್ದಳಲ್ಲ, ಅದನ್ನ ಅಂತೇನಿ. ಹುರ್ರ್ ಬಾ, ಹುರ್ರ್ ಬಾ."

ಅವನ ಪಂದ್ಯವಿದ್ದ ದಿನ ಮುಸ್ತಕೀಮ ಕಟಕಟೆಯ ಹತ್ತಿರ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನೋಡುವ ಧೈರ್ಯ ಇರಲಿಲ್ಲ. ಗೊರಸುಗಳ ಸದ್ದು ಕೇಳುತ್ತ, ತಾನು ಬಡಿದ ನಾಲ್ಕು ನಾಲುಗಳನ್ನು ಆ ಗುಡುಗಿನಲ್ಲಿ ಹುಡುಕುತ್ತಿದ್ದ. ಸದ್ದು ಸರಿಯಾಗಿ ದಾಟಿಹೋದ ಮೇಲೆಯೇ ಉಸಿರು ಬಿಡುತ್ತಿದ್ದ.

2001ರ ಸೆಪ್ಟೆಂಬರಿನಲ್ಲಿ ಆ ಉಸಿರು ಸಿಕ್ಕಿಕೊಂಡಿತು.

ಲಾಯದಲ್ಲಿ ಶಬನಮ್ ಎಂದು ಕರೆಯುತ್ತಿದ್ದ ಬೂದಿ ಬಣ್ಣದ ಹೆಣ್ಣುಕುದುರೆ ಇತ್ತು. ಆ ಭಾನುವಾರದ ದೊಡ್ಡ ಪಂದ್ಯಕ್ಕೆ ಅದೇ ಎಲ್ಲರ ಮೆಚ್ಚಿನ ಕುದುರೆ, ಸವಾರ ಲಕ್ಷ್ಮಣ. ಗುರುವಾರ ಬೆಳಿಗ್ಗೆ ಮುಸ್ತಕೀಮ ಅದರ ಎಡ ಮುಂಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಗೊರಸಿನ ಮೇಲಂಚಿಗೆ ಅಂಗೈ ತಾಗಿಸಿದ. ಕಾಲು ಬೆಚ್ಚಗಿತ್ತು. ಬಹಳವಲ್ಲ, ಆಗಷ್ಟೇ ಬಿಸಿಲು ಬಿದ್ದ ಕಲ್ಲಿನಷ್ಟು. ಬಲಗಾಲು ಮುಟ್ಟಿದ, ತಣ್ಣಗಿತ್ತು. ಮತ್ತೆ ಎಡಗಾಲಿಗೆ ಬಂದ. ಒಳಗೆ ನಾಡಿ ಟಕಟಕನೆ ಬಡಿಯುತ್ತಿತ್ತು.

ಟ್ರೇನರ್ ಸಾಹೇಬರಿಗೆ ಹೇಳಿದ. ಅವರು ಡಾಕ್ಟರನ್ನು ಕರೆಸಿದರು. ಕುದುರೆಯನ್ನು ನಡೆಸಿದರು, ಓಡಿಸಿದರು, ಗಟ್ಟಿ ನೆಲದಲ್ಲಿ ತಿರುಗಿಸಿದರು. ಎಲ್ಲಿಯೂ ಕುಂಟಲಿಲ್ಲ. ಡಾಕ್ಟರು ಕಾಲು ಒತ್ತಿ ನೋಡಿ, ಏನೂ ಇಲ್ಲವೆಂದರು. ಶುಕ್ರವಾರ ಮುಸ್ತಕೀಮ ಮತ್ತೆ ಮುಟ್ಟಿ ನೋಡಿದ. ಬಿಸಿ ಹಾಗೆಯೇ ಇತ್ತು. ಹಿಂದೆ ಒಮ್ಮೆ ಇಂಥದೇ ಬಿಸಿ ಕಾಲಿನ ಕುದುರೆ ಓಡುವಾಗ ಮೂಳೆ ಮುರಿದು ಮುಗ್ಗರಿಸಿದ್ದನ್ನು ಅವನು ಕಂಡಿದ್ದ. ಅದರ ಮೇಲಿದ್ದ ಜಾಕಿಯನ್ನು ಹೊತ್ತುಕೊಂಡು ಹೋಗುವಾಗ ಒಂದು ಕೈ ಸ್ಟ್ರೆಚರಿನ ಹೊರಗೆ ಜೋತುಬಿದ್ದಿತ್ತು. ಎರಡು ದಿನ ಅವನ ಕಣ್ಣೆದುರಿಗೆ ಅದೇ ಕೈ.

ಶನಿವಾರ ಮಧ್ಯಾಹ್ನ ಲಕ್ಷ್ಮಣ ಮನೆಗೆ ಬಂದ. ಪಂದ್ಯಕ್ಕೆ ಅವನ ತೂಕ ಐವತ್ತೊಂದು ಕಿಲೋ ಮೀರುವಂತಿರಲಿಲ್ಲ, ಮೂರು ದಿನದ ಹಿಂದೆ ಐವತ್ತನಾಲ್ಕು ಇತ್ತು. ಬಿಸಿಲಿನಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಓಡಿ, ಉಗಿಕೋಣೆಯಲ್ಲಿ ಕೂತು ಬಂದಿದ್ದ. ತುಟಿ ಒಡೆದು ಬೆಳ್ಳಗಾಗಿದ್ದವು. ಕೌಸರ್ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವನು ಒಲೆಯ ಹತ್ತಿರ ಕೂತು ವಾಸನೆ ತೆಗೆದುಕೊಂಡ.

"ಒಂದ ತುತ್ತರ ತಿನ್ನೋ ತಮ್ಮಾ" ಎಂದಳು ಕೌಸರ್.

"ಬ್ಯಾಡ್ರಿ ವೈನಿ. ವಾಸನಿಗೆ ತೂಕ ಇಲ್ಲ, ಅದೊಂದ ಸಾಕು" ಎಂದು ನಕ್ಕ. ನಗುವಾಗ ತುಟಿಯಿಂದ ರಕ್ತ ಜಿನುಗಿತು. ಕಿಸೆಯಿಂದ ಒಂದು ಗುಳಿಗೆ ತೆಗೆದು ನೀರಿಲ್ಲದೆ ನುಂಗಿದ. ಮೈಯ ನೀರನ್ನೆಲ್ಲ ಹೊರಗೆ ಹಾಕುವ ಗುಳಿಗೆ, ಎಲ್ಲ ಜಾಕಿಗಳೂ ತೆಗೆದುಕೊಳ್ಳುತ್ತಾರೆ ಎಂದ.

ಮುಸ್ತಕೀಮನ ಮನಸ್ಸೆಲ್ಲ ಕುದುರೆಯ ಕಾಲಿನಲ್ಲಿತ್ತು. "ಲಕ್ಷ್ಮಣಾ, ನಾಳೆ ಶಬನಮ್ ಹತ್ತಬ್ಯಾಡ. ಅದರ ಕಾಲು ಬಿಸಿ ಐತಿ."

"ಡಾಕ್ಟರ್ ಏನಂದ್ರು?"

"ಏನೂ ಇಲ್ಲ ಅಂದ್ರು."

"ಮತ್ತ?"

"ನನ್ನ ಕೈ ಸುಳ್ಳ ಹೇಳೂದಿಲ್ಲೋ."

ಲಕ್ಷ್ಮಣ ಅವನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ. "ಅಣ್ಣಾ, ಇಂಥಾ ಕುದುರಿ ನನಗ ಮತ್ತ ಸಿಗೂದಿಲ್ಲ. ನೀ ನಾಲು ಕಟ್ಟು, ನಾ ಓಡಸ್ತೇನಿ. ಉಳಿದದ್ದು ಆ ಮ್ಯಾಲಿನವ ನೋಡಕೊಳ್ಳಲಿ." ಎದ್ದು ಬೂಟು ಹಾಕಿಕೊಂಡು ಹೋದ.

ಅವನು ಹೋದ ಮೇಲೆ ಕೌಸರ್ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ನೀವು ಬರೇ ಕುದುರಿ ಕಾಲು ನೋಡ್ತೀರಿ. ಅವ ಕಾಲುಚೀಲಾ ತಗದಾಗ ಅವನ ಕಾಲು ನೋಡಿದ್ರಿ? ಬಾತಾವ. ಬಟ್ಟು ಒತ್ತಿದ್ರ ಕುಣಿ ಬೀಳೂವಂಗ ಐತಿ. ಉಣ್ಣಲಾರದ ಮನಷ್ಯಾನ ಕಾಲು ಬಾಯ್ತಾವ ಏನ್ರಿ?"

ಮುಸ್ತಕೀಮ ಕೇಳಿಸಿಕೊಂಡ, ಆದರೆ ಮಾತು ಒಳಗೆ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಅಲ್ಯುಮಿನಿಯಂ ನಾಲು ಕಟ್ಟಲು ಕೂತ. ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಶಬನಮ್ ಎಂದಿನಂತೆ ಅವನ ಬೆನ್ನಿಗೆ ಮೂಗು ಉಜ್ಜಿತು. ಎಡಗಾಲು ಎತ್ತಿದ. ಇನ್ನೂ ಬೆಚ್ಚಗಿತ್ತು. ನಾಲು ಕೂರಿಸಿ ಒಂದು ಮೊಳೆ ಬಡಿದ, ಎರಡು ಬಡಿದ. ಮೂರನೆಯದನ್ನು ಹಿಡಿದವನ ಕೈ ನಿಂತಿತು. ನಾಲಬಂದನ ಮಗನಾಗಿ ಹುಟ್ಟಿದವನು ಮಾಡಬಾರದ ಕೆಲಸ ಒಂದೇ ಇತ್ತು. ಅವನು ಮೊಳೆಯನ್ನು ಒಂದು ನೂಲಿನಷ್ಟು ಒಳಕ್ಕೆ ವಾಲಿಸಿ ಸುತ್ತಿಗೆ ಹಾಕಿದ. ಕುದುರೆ ಥಟ್ಟನೆ ಕಾಲು ಎಳೆದುಕೊಂಡಿತು. ಕೂಗಲಿಲ್ಲ, ಕುತ್ತಿಗೆ ತಿರುಗಿಸಿ ಅವನನ್ನು ನೋಡಿತು.

ಹೊರಗೆ ನಡೆಸಿದಾಗ ಶಬನಮ್ ಕುಂಟಿತು. ಟ್ರೇನರ್ ಸಾಹೇಬರು ತಲೆಯ ಮೇಲೆ ಕೈ ಹೊತ್ತರು, ಮುಸ್ತಕೀಮನನ್ನು ಬಾಯಿಗೆ ಬಂದಂತೆ ಬೈದರು. ಬೇಕೆಂದೇ ಮಾಡಿದ್ದೆಂದು ಯಾರಿಗೂ ಸಂಶಯ ಬರಲಿಲ್ಲ, ಅವನ ಕೈಯ ಮೇಲೆ ಅಷ್ಟು ನಂಬಿಕೆ. ಪಂದ್ಯದಿಂದ ಕುದುರೆಯ ಹೆಸರು ತೆಗೆದರು. ಸುದ್ದಿ ಕೇಳಿ ಗ್ಯಾಲರಿಯಲ್ಲಿ ಜನ ಹುಯಿಲೆಬ್ಬಿಸಿದರು.

ಪಂದ್ಯದ ಹೊತ್ತಿಗೆ ಮುಸ್ತಕೀಮ ಜಾಕಿಗಳ ಕೋಣೆಯ ಹಿಂದಿನ ಬಾಗಿಲಿಗೆ ಬಂದ. ಅವನಿಗೆ ಒಳಗೆ ಹೋಗಲು ಅವಕಾಶವಿರಲಿಲ್ಲ. ಲಕ್ಷ್ಮಣ ಪಂದ್ಯದ ರೇಷ್ಮೆ ಅಂಗಿಯಲ್ಲೇ ಬೆಂಚಿನ ಮೇಲೆ ಕೂತಿದ್ದುದು ಬಾಗಿಲಿನಿಂದ ಕಾಣಿಸುತ್ತಿತ್ತು. ಹೊರಗೆ ಪಂದ್ಯ ಶುರುವಾಯಿತು. ಗೊರಸಿನ ಸದ್ದು ತಿರುವಿನಲ್ಲಿ ಗುಡುಗುತ್ತ ಬಂತು. ಲಕ್ಷ್ಮಣ ನೋಡಲೆಂದು ಎದ್ದ. ಎದ್ದವನ ಕೈಬೆರಳುಗಳು ಹಕ್ಕಿಯ ಕಾಲಿನಂತೆ ಒಳಕ್ಕೆ ಮಡಿಚಿಕೊಂಡವು. ಅವನು ಅವುಗಳನ್ನು ಆಶ್ಚರ್ಯದಿಂದ ನೋಡಿದ. ಮರುಕ್ಷಣ ತೂಕದ ಯಂತ್ರದ ಪಕ್ಕದಲ್ಲಿ ಕಟ್ಟಿಗೆಯಂತೆ ನೆಲಕ್ಕೆ ಬಿದ್ದ.

ಅವಕಾಶವನ್ನು ಕೇಳದೆ ಮುಸ್ತಕೀಮ ಒಳಗೆ ನುಗ್ಗಿದ. ಬೂಟು ಕಿತ್ತು ಕಾಲು ಹಿಡಿದ. ಕೌಸರ್ ಹೇಳಿದ್ದು ಆಗ ಬೆರಳಿಗೆ ತಿಳಿಯಿತು. ಒತ್ತಿದಲ್ಲೆಲ್ಲ ಕುಣಿ ಬೀಳುತ್ತಿತ್ತು. ಕಾಲು ಹಿಮದಂತೆ ತಣ್ಣಗಿತ್ತು.

ಆಸ್ಪತ್ರೆಯ ಡಾಕ್ಟರು ಮೂರನೆಯ ದಿನ ಹೇಳಿದರು: ಮೂತ್ರಪಿಂಡ ಎರಡೂ ಹಾಳಾಗುತ್ತ ಬಂದಿವೆ, ವರ್ಷಗಳಿಂದ ಆ ಗುಳಿಗೆ ತಿಂದಿದ್ದಾನೆ, ಕುದುರೆಯ ಮೇಲಿದ್ದಾಗ ಹೀಗಾಗಿದ್ದರೆ ಇಪ್ಪತ್ತು ಕುದುರೆಗಳ ಕಾಲಡಿಗೆ ಬೀಳುತ್ತಿದ್ದ. ಅದೇ ದಿನ ಲಾಯದಿಂದಲೂ ಸುದ್ದಿ ಬಂತು. ಶಬನಮ್‌ನ ಕಾಲಿನ ಎಕ್ಸರೇ ತೆಗೆಸಿದ್ದರು. ಮೂಳೆಯಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಮೊಳೆಯ ಗಾಯ ಬಿಟ್ಟರೆ ಬೇರೇನೂ ಇಲ್ಲ.

ಮುಸ್ತಕೀಮನಿಗೆ ಎರಡು ಮಾತನ್ನೂ ಒಟ್ಟಿಗೆ ಹೊರಲಾಗಲಿಲ್ಲ. ಮರುದಿನ ಹಾಸಿಗೆಯ ಪಕ್ಕದಲ್ಲಿ ಕೂತು ಹೇಳಿಬಿಟ್ಟ. "ಆ ಮೊಳಿ ತಪ್ಪಲಿಲ್ಲ ತಮ್ಮಾ. ನಾನ ಬಡದೆ."

ಲಕ್ಷ್ಮಣ ಚಾವಣಿ ನೋಡುತ್ತ ಮಲಗಿದ್ದ. "ಮೂಕ ಪ್ರಾಣಿ ಅದು. ನಿನ್ನ ನಂಬಿ ಕಾಲು ಕೊಟ್ಟಿತ್ತು" ಎಂದ. "ಡಾಕ್ಟರ್ ಏನರ ಅನ್ನಲಿ. ನಾ ಬೀಳತಿದ್ದಿಲ್ಲ, ಗೆಲ್ಲತಿದ್ದೆ. ಇನ್ನ ಇಲ್ಲಿ ಬರಬ್ಯಾಡ."

ತಿಂಗಳೊಪ್ಪತ್ತಿನಲ್ಲಿ ಶಬನಮ್ ಬೇರೆ ಜಾಕಿಯ ಕೈಯಲ್ಲಿ ಓಡಿ ಗೆದ್ದಿತು. ಆ ಸಂಜೆಯೇ ಮುಸ್ತಕೀಮ ಟ್ರೇನರ್ ಸಾಹೇಬರ ಎದುರು ನಿಂತು ನಿಜ ಹೇಳಿ, ಸುತ್ತಿಗೆ, ಗೊರಸು ಉಜ್ಜುವ ಕಾನಸು ಅಲ್ಲೇ ಇಟ್ಟ. ಅವರು ಬೈಯಲಿಲ್ಲ. ಹೋಗು ಎಂದು ಕೈ ಮಾಡಿದರು, ಅಷ್ಟೇ.

ಸಂಪಗಾಂವಕ್ಕೆ ಮರಳಿದ. ಕಬ್ಬಿನ ಹಂಗಾಮಿನಲ್ಲಿ ಡಾಂಬರು ರಸ್ತೆಯ ಮೇಲೆ ಕಾರ್ಖಾನೆಗೆ ಗಾಡಿ ಹೊಡೆಯುವ ಎತ್ತುಗಳಿಗೆ ನಾಲು ಬೇಕಾಗುತ್ತಿದ್ದವು, ಆ ನಾಲ್ಕೈದು ತಿಂಗಳು ಕೆಲಸ ಸಿಗುತ್ತಿತ್ತು. ಸೋಮವಾರಕ್ಕೊಮ್ಮೆ ಬೈಲಹೊಂಗಲಕ್ಕೆ ಹೋಗಿ ಮರಾಠಿ ಪೇಪರಿನ ಕೊನೆಯ ಪುಟ ನೋಡಿಬರುತ್ತಿದ್ದ. 2002ರ ಜುಲೈನಲ್ಲಿ ಪಂದ್ಯದ ಫಲಿತಾಂಶದ ನಡುವೆ ಲಕ್ಷ್ಮಣನ ಹೆಸರು ಕಂಡಿತು. ಡಾಕ್ಟರು ಬೇಡವೆಂದರೂ ಮತ್ತೆ ಕುದುರೆ ಹತ್ತಿದ್ದ. ಮುಸ್ತಕೀಮ ಪೇಪರನ್ನು ಮಡಚಿ ಕೌಸರಳಿಗೆ ಹೇಳಿದ, "ಬದುಕ್ಯಾನ." ಅವಳು, "ಎಷ್ಟ ದಿನಾ?" ಎಂದಳು. ರೇಸಿನ ಎರಡು ಹಂಗಾಮು ಆ ಹೆಸರು ಬರುತ್ತಿತ್ತು. ಮೊದಲು ಮೇಲಿನ ಸಾಲಿನಲ್ಲಿ, ಆಮೇಲೆ ಕೆಳಗೆ. ಒಂದು ಸೋಮವಾರದಿಂದ ಅದು ಬರಲೇ ಇಲ್ಲ. ಪ್ರತಿ ವಾರ ಹುಡುಕಿದ, ಮುಂದಿನ ವರ್ಷವೂ ಹುಡುಕಿದ.

2005ರಲ್ಲಿ ಸಾಲಹಳ್ಳಿ ಕಡೆಯ ಒಬ್ಬ ಗಾಡಿಯವನು ಹೇಳಿದ, ಜಾಕಿ ಲಕ್ಷ್ಮಣ ಊರಿಗೆ ಬಂದು ಮಲಗಿದ್ದಾನೆಂದು. ಮುಸ್ತಕೀಮ ಅಂದೇ ಬಸ್ಸು ಹತ್ತಿದ. ಬಾಗಿಲಲ್ಲಿ ಲಕ್ಷ್ಮಣನ ತಾಯಿ ರಾಮವ್ವ ಗುರುತು ಹಿಡಿಯದೆ, "ಯಾರಪಾ ನೀವು?" ಎಂದಳು. ಒಳಗಿನಿಂದ ದನಿ ಬಂತು: "ನಾಲಬಂದ ಅದಾನಬೇ, ಒಳಗ ಕರಿ."

ವಾರಕ್ಕೆರಡು ಸಲ ಬೆಳಗಾವಿಗೆ ಹೋಗಿ ಯಂತ್ರದಿಂದ ರಕ್ತ ಶುದ್ಧ ಮಾಡಿಸಬೇಕಿತ್ತು. ಮುದುಕಿಯಿಂದ ಆಗದು. ಮಂಗಳವಾರ, ಶುಕ್ರವಾರ ಮುಸ್ತಕೀಮ ಬೈಲಹೊಂಗಲದಿಂದ ಯರಗಟ್ಟಿಗೆ ಬಂದು ಕಾಯುವನು. ರಾಮದುರ್ಗದ ಬಸ್ಸಿನಿಂದ ಲಕ್ಷ್ಮಣನನ್ನು ಕೈ ಹಿಡಿದು ಇಳಿಸಿಕೊಂಡು ಬೆಳಗಾವಿಯ ಬಸ್ಸು ಹತ್ತಿಸುವನು. ಹೀಗೆ ಹದಿನಾಲ್ಕು ತಿಂಗಳು. ಪುಣೆಯ ಆಸ್ಪತ್ರೆಯಲ್ಲಿ ಹೇಳಿಕೊಂಡ ಮಾತಿನ ಸುದ್ದಿ ಇಬ್ಬರೂ ಎತ್ತಲಿಲ್ಲ.

ಒಂದು ಶುಕ್ರವಾರ ಯರಗಟ್ಟಿಯ ನಿಲ್ದಾಣದಲ್ಲಿ ಬಸ್ಸು ತಡವಾಯಿತು. ಲಕ್ಷ್ಮಣ ಕಂಬಕ್ಕೆ ಒರಗಿ ಕೂತಿದ್ದ. ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಅಣ್ಣಾ, ಆವತ್ತು ಶಬನಮ್ ಗೆಲ್ಲತಿತ್ತು" ಎಂದ.

"ಹೌದೋ ತಮ್ಮಾ. ಗೆಲ್ಲತಿತ್ತು."

"ನಾ ಬೀಳತಿದ್ದೆ ಏನ?"

ಮುಸ್ತಕೀಮನ ಕೈಗೆ ತಿಳಿದದ್ದು ತಪ್ಪಾಗಿತ್ತು, ತಿಳಿಯದಿದ್ದುದು ನಿಜವಾಗಿತ್ತು. "ನನಗ ಗೊತ್ತಿಲ್ಲಪಾ" ಎಂದ.

"ನನಗೂ ಗೊತ್ತಿಲ್ಲ" ಎಂದ ಲಕ್ಷ್ಮಣ. "ದಿನಾ ವಿಚಾರ ಮಾಡ್ತೇನಿ. ಕಡೀ ತಿರುವಿನ ತನಕಾ ಬರತೇನಿ. ಮುಂದ ಕಾಣಸೂದಿಲ್ಲ."

ಬೆಳಗಾವಿಯ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಜನ ಬಾಗಿಲಿಗೆ ಮುತ್ತಿದರು. ಮುಸ್ತಕೀಮ ಅವನ ಕಂಕುಳಿಗೆ ಕೈಹಾಕಿ ಎಬ್ಬಿಸಿ, ಮೆಟ್ಟಿಲ ಮೇಲೆ ಅವನ ಒಂದೊಂದೇ ಕಾಲನ್ನು ಎತ್ತಿ ಇರಿಸಿದ. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿ, ತಾನು ಹೊರಗಡೆಗೆ ಕೂತು, ದಾರಿಯುದ್ದಕ್ಕೂ ಅವನ ಭುಜ ಹಿಡಿದುಕೊಂಡಿದ್ದ. ಮುಂದಿನ ಮಂಗಳವಾರ ರಾಮದುರ್ಗದ ಬಸ್ಸಿನಿಂದ ರಾಮವ್ವ ಒಬ್ಬಳೇ ಇಳಿದಳು.