ಯಾನ್ ಟೀಚರ್ ತೋರಿಕೆಯ ಪಾಠ ಮಾಡಿದ್ದು

ಚೀನಾದ ನಮ್ಮ ಗಾನ್ಸು ಸೀಮೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಯಾನ್ ಹುಯಿಚಿನ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು. ಶಿಕ್ಷಕರ ವಸತಿಯಲ್ಲಿ ಅವಳ ಪಕ್ಕದ ಕೋಣೆಯಲ್ಲೇ ವರ್ಷಗಳಿಂದ ಇದ್ದೇನೆ. ಆ ಸಿಟ್ಟು ಅವಳ ಸ್ವಂತಕ್ಕಾಗಿ ಬಂದದ್ದನ್ನು ಕಂಡಿಲ್ಲ.

ಇಲ್ಲಿಯ ಮಕ್ಕಳು ಇಂಗ್ಲಿಷ್ ಪದಗಳ ಪುಸ್ತಕವನ್ನು ‘ಎ’ಯಿಂದ ಹಿಡಿದು ಬಾಯಿಪಾಠ ಮಾಡುತ್ತಾರೆ. ಮೊದಲು ಸಿಗುವುದೇ ‘ಅಬ್ಯಾಂಡನ್’, ಅಂದರೆ ಕೈಬಿಡು. ಅಲ್ಲಿಗೇ ಪುಸ್ತಕವನ್ನೂ ಕೈಬಿಟ್ಟೆವು ಎಂದು ತಮಾಷೆ ಮಾಡದ ಮಗುವಿಲ್ಲ. ಹುಯಿಚಿನ್ ನಗುತ್ತಿರಲಿಲ್ಲ.

“ಮುಳುಗೋ ಹಡಗು ಬಿಟ್ಟು ಹೋಗೋದಕ್ಕೂ ಇದೇ ಪದ ಕಣ್ರೋ, ಅರ್ಧಕ್ಕೆ ಕೆಲಸ ನಿಲ್ಲಿಸೋದಕ್ಕೂ ಇದೇ, ಹೆತ್ತ ಕೂಸನ್ನ ಬೀದೀಲಿ ಬಿಡೋದಕ್ಕೂ ಇದೇ. ಬಸ್ಸಲ್ಲಿ ಕೊಡೆ ಮರೆತ್ರೆ ಮಾತ್ರ ಇದನ್ನ ಹೇಳ್ಬೇಡಿ. ಗೊತ್ತಿದ್ದೂ ಗೊತ್ತಿದ್ದೂ ಬಿಡಬೇಕು, ಆಗ ಈ ಪದ.”

ಈ ಪದದ ಮೇಲೇ ಅವಳ ತೋರಿಕೆಯ ಪಾಠ ನಿಗದಿಯಾಯಿತು. ಅಧಿಕಾರಿಗಳು ಬಂದು ತರಗತಿಯ ಹಿಂದೆ ಕೂತು ನೋಡುವ ಪಾಠ ಅದು. ಯಾರು ಕೈ ಎತ್ತಬೇಕು, ಏನು ಹೇಳಬೇಕು, ಎಲ್ಲಕ್ಕೂ ಮೊದಲೇ ತಾಲೀಮು. ದಡ್ಡರೆನಿಸಿಕೊಂಡವರನ್ನು ಆ ಹೊತ್ತು ಶಾಲೆಯ ಬಯಲಿಗೆ ಅಟ್ಟುತ್ತಾರೆ. ಪಾಠ ಮೆಚ್ಚಿಗೆಯಾದರೆ ಹುಯಿಚಿನ್‌ಗೆ ಹಿರಿಯ ಶಿಕ್ಷಕಿಯ ದರ್ಜೆ.

ಹಿಂದಿನ ದಿನ ಪ್ರಿನ್ಸಿಪಾಲ್ ಗೆಂಗ್ ಅವಳ ಕೋಣೆಯ ಬಾಗಿಲಿಗೇ ಬಂದರು. “ಯಾನ್ ಟೀಚರ್, ಆ ತೊದಲೋ ಹುಡುಗಿ ಮ್ಯಾವ್ ಶುವಾಂಗ್‌ನ ನಾಳೆ ಬಯಲಲ್ಲಿ ಹುಲ್ಲು ಕೀಳೋಕೆ ಕಳಿಸಿ.”

“ಹುಲ್ಲೆಲ್ಲಿದೆ ಸರ್? ಸಿಮೆಂಟ್ ಹಾಕಿಸಿದ್ದೀರಲ್ಲ.”

“ಹಟ ಬೇಡ ತಾಯಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ.”

“ಕೈಬಿಡೋದು ಅಂದ್ರೇನು ಅಂತ ಕಲಿಸ್ತಾ ಒಂದು ಮಗೂನ ಹೊರಗೆ ಬಿಡ್ಲಾ? ನಾಚಿಕೆ ಆಗಲ್ವಾ ನಿಮಗೆ?”

ಪಕ್ಕದ ಕೋಣೆಯಲ್ಲಿ ಕರುಣೆಯ ದೇವಿ ಗ್ವಾನ್‌ಯಿನ್ ತಾಯಿಗೆ ಊದುಬತ್ತಿ ಹಚ್ಚುತ್ತಿದ್ದ ನಾನು, ಇವಳ ಸಿಟ್ಟು ಆರದಿರಲಿ ಎಂದು ಬೇಡಿಕೊಂಡೆ.

ಮರುದಿನ ಶುವಾಂಗ್ ಮೊದಲ ಸಾಲಿನಲ್ಲಿ ಕೂತಿದ್ದಳಂತೆ. ತಾಲೀಮಿನಲ್ಲಿಲ್ಲದ ಪ್ರಶ್ನೆಯನ್ನು ಹುಯಿಚಿನ್ ಅವಳಿಗೇ ಹಾಕಿದಳು: ಈ ಪದ ಬಳಸಿ ನಿನ್ನದೇ ವಾಕ್ಯ ಹೇಳು. ಹುಡುಗಿ ಎದ್ದಳು, ತೊದಲಿದಳು, ತಡೆದು ನಿಂತಳು. ಒಬ್ಬ ಅಧಿಕಾರಿ ಕೆಮ್ಮಿದರು, ಇನ್ನೊಬ್ಬರು ಫೋನು ತೆಗೆದರು.

“ನಿಧಾನ ಮಗಳೇ, ಕಾಯ್ತೀನಿ.”

ಕೊನೆಗೆ ಇಂಗ್ಲಿಷಿನಲ್ಲಿ ವಾಕ್ಯ ಬಂತು: ನಮ್ಮ ಹಳ್ಳಿಯವರೆಲ್ಲ ಗುಹೆಮನೆಗಳನ್ನು ಕೈಬಿಟ್ಟು ಹೋದರು, ನಮ್ಮ ನಾಯಿ ಮಾತ್ರ ಹೋಗಲಿಲ್ಲ.

ದರ್ಜೆ ಸಿಗಲಿಲ್ಲ. ಪಾಠ ನಿಧಾನವಾಯಿತು ಎಂದರಂತೆ. ಆ ಸಂಜೆ ಹುಯಿಚಿನ್ ನೂಡಲ್ಸ್ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು.

“ನಿಧಾನವಂತೆ! ವಾಕ್ಯ ಸರಿಯಿತ್ತಾ ಅಂತ ಒಬ್ಬನಾದ್ರೂ ಕೇಳಿದ್ನಾ ಅಕ್ಕಾ? ಸರಿಯಿತ್ತು! ನೂರಕ್ಕೆ ನೂರು ಸರಿಯಿತ್ತು!”

ಮುಂದಿನ ತೋರಿಕೆಯ ಪಾಠಕ್ಕೆ ಗೆಂಗ್ ಬೇರೆ ಟೀಚರನ್ನು ಹಿಡಿದರು. ಆ ಹೊತ್ತು ಬಯಲಿಗೆ ಅಟ್ಟಿದ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಬಿಸಿಲಲ್ಲಿ ನಿಂತೇ, ಹುಯಿಚಿನ್ ‘ಬಿ’ಯ ಪದಗಳನ್ನು ಕಲಿಸುತ್ತಿದ್ದಳು. ಮುಖ ಮಾತ್ರ ಕೆಂಡ.